ಹಿತ್ತಿಲಲ್ಲಿ ಹಾಕಿದ ಎಲೆ

ದೊಡ್ಡಪತ್ರೆಯ ಎಲೆಯನ್ನು ಬೆಳ್ಳುಳ್ಳಿಯ ಜೊತೆ ಜಜ್ಜಿದಾಗ ಏಳುವ ವಾಸನೆಗೆ ನನ್ನ ಎದೆ ಈಗಲೂ ಡವಗುಟ್ಟುತ್ತದೆ. ಬೇರೆಯವರಿಗೆ ಅದು ನೆಗಡಿ ಕೆಮ್ಮಿನ ಎಲೆ, ಬಜ್ಜಿಯ ಎಲೆ. ನನಗೆ ಮಾತ್ರ ಅದು ಒಂದು ಇಡೀ ಹಗಲಿನ ಆತಂಕ. ಹೋದ ಭಾನುವಾರ ಕೊಳ್ಳೇಗಾಲದ ನಮ್ಮ ಮನೆಯಲ್ಲಿ ಮಗಳು ಮೊಬೈಲಿನಲ್ಲಿ ಯಾವುದೋ ವಿಡಿಯೋ ನೋಡಿ, ಹಂದಿ ಮಾಂಸದ ದೊಡ್ಡ ತುಂಡಿಗೆ ಸೊಪ್ಪು ಮೆತ್ತಿ ಓವನ್ನಿನಲ್ಲಿ ಸುಡುತ್ತೇನೆಂದು ಹಟ ಹಿಡಿದಳು. ಅವಳ ವಿಡಿಯೋದವರು ಹೇಳಿದ ಸೊಪ್ಪುಗಳಲ್ಲಿ ಅರ್ಧದ ಹೆಸರನ್ನು ನಮ್ಮ ಸಂತೆಯ ಸೊಪ್ಪಿನವಳು ಕೇಳಿಯೇ ಇರಲಿಲ್ಲ. ಕುಂಡದಲ್ಲಿ ದೊಡ್ಡಪತ್ರೆ ಇದೆ, ಕಿತ್ತುಕೋ, ಅದಕ್ಕಿಂತ ಇನ್ನೇನು ಬೇಕು ಎಂದೆ ನಾನು, ಏನೋ ದೊಡ್ಡ ಅಡುಗೆಯವಳ ಹಾಗೆ. ಅವಳು ಕುಟ್ಟಾಣಿಯಲ್ಲಿ ಎರಡು ಏಟು ಹಾಕಿದ್ದೇ ತಡ, ಆ ವಾಸನೆ ಎದ್ದಿತು. ನಾನು ಕೈಯಲ್ಲಿದ್ದ ಸೌಟನ್ನು ಅಲ್ಲೇ ಇಟ್ಟು, ಹಿಂಬಾಗಿಲ ಹೊಸಿಲ ಮೇಲೆ ಅಜ್ಜಿ ಕೂತಿದ್ದಾಳೇನೋ ಎಂದು ತಿರುಗಿ ನೋಡಿದೆ. ಈ ಮನೆಗೆ ಹಿಂಬಾಗಿಲೇ ಇಲ್ಲ. ಅಲ್ಲಿ ಫ್ರಿಜ್ಜು ನಿಂತಿದೆ.

ನಾನು ಬೆಳೆದದ್ದು ಹೊನ್ನೂರಿನಲ್ಲಿ. ಯಳಂದೂರಿನಿಂದ ಹೊರಟರೆ ಗದ್ದೆ, ಕಬ್ಬು, ತೆಂಗು, ಮತ್ತೆ ಗದ್ದೆ, ಅಷ್ಟರಲ್ಲಿ ಊರು. ನಮ್ಮದು ನಾಡಹೆಂಚಿನ ಮನೆ. ಒಳಗೆ ಹಗಲಲ್ಲೂ ಮಬ್ಬು. ಆ ಮಬ್ಬಿನಲ್ಲಿ ರಾಗಿಯ, ಹೊಗೆಯ, ಎಮ್ಮೆಯ, ದೇವರ ಮೂಲೆಯ ಎಣ್ಣೆದೀಪದ ವಾಸನೆಗಳು ಕಲೆತು, ಒಂದನ್ನು ಇನ್ನೊಂದರಿಂದ ಬಿಡಿಸಲು ಆಗದಂತೆ ಇರುತ್ತಿದ್ದವು. ಅಪ್ಪ, ಅವ್ವ, ಚಿಕ್ಕಪ್ಪ, ನಾನು, ಎಲ್ಲರ ಮೇಲೆ ಅಜ್ಜಿ. ಬೆಟ್ಟದ ರಂಗಪ್ಪನ ಒಕ್ಕಲು ನಾವು ಎಂಬುದನ್ನು ಅಜ್ಜಿ ದಿನಕ್ಕೊಮ್ಮೆಯಾದರೂ ನಮಗೆ ನೆನಪಿಸದೆ ಬಿಡುತ್ತಿರಲಿಲ್ಲ. ಕೋಳಿ ಕುರಿ ಒಳಗಿನ ಒಲೆಯ ಮೇಲೆ ಬೇಯಬಹುದಿತ್ತು, ಶನಿವಾರವೊಂದನ್ನು ಬಿಟ್ಟು. ಹಂದಿ ಮಾತ್ರ ಹೊಸಿಲು ದಾಟುವಂತಿಲ್ಲ. ಹಾಗಂತ ನಮ್ಮ ಗಂಡಸರು ಹಂದಿ ತಿನ್ನುತ್ತಿರಲಿಲ್ಲ ಎಂದುಕೊಳ್ಳಬೇಡಿ, ಬಾಯಿ ಚಪ್ಪರಿಸಿಕೊಂಡೇ ತಿನ್ನುತ್ತಿದ್ದರು. ಅದಕ್ಕೆಂದೇ ಒಂದು ಮಡಕೆ ಕೊಟ್ಟಿಗೆಯ ಹೊರಗೋಡೆಯ ಗೂಟಕ್ಕೆ ಬೋರಲಾಗಿ ನೇತಾಡುತ್ತಿತ್ತು. ಹಿತ್ತಿಲಲ್ಲಿ ಮೂರು ಕಲ್ಲು ಹೂಡಿ, ತಾವೇ ಬೇಯಿಸಿ, ಅಲ್ಲೇ ಕೂತು ತಿಂದು, ಎಲೆ ತಿಪ್ಪೆಗೆ ಎಸೆದು, ತಲೆಯ ಮೇಲೆ ಎರಡು ಬಿಂದಿಗೆ ತಣ್ಣೀರು ಸುರಿದುಕೊಂಡು ಒಳಗೆ ಬರುತ್ತಿದ್ದರು. ಅಪ್ಪ ಚಳಿಗಾಲದಲ್ಲೂ ಹಲ್ಲು ಕಟಕಟಿಸುತ್ತ, ತೇಗುತ್ತ ಒಳಗೆ ಬರುವುದು ನನಗೆ ಬಲು ಮೋಜಿನ ನೋಟ. ಅಜ್ಜಿ ಅವನ ಕೂದಲನ್ನು ಮುಟ್ಟಿ ನೋಡಿ, ಒದ್ದೆ ಇದೆಯೆಂದು ಖಾತ್ರಿ ಮಾಡಿಕೊಂಡೇ ದಾರಿ ಬಿಡುತ್ತಿದ್ದಳು.

ಚಿಕ್ಕಪ್ಪನಿಗೆ ಗೋಪಿನಾಥಂನಿಂದ ಹೆಣ್ಣು ತಂದರು. ಮಾದೇಶ್ವರನ ಬೆಟ್ಟದಾಚೆ, ತಮಿಳುನಾಡಿನ ಗಡಿಯ ಕಾಡೂರು ಅದು. ಜಾತಿ ಒಂದೇ, ಮಾತು ಮಾತ್ರ ಅರ್ಧ ಅವರ ಕಡೆಯದು ಅರ್ಧ ನಮ್ಮ ಕಡೆಯದು, ಊಟವೂ ಹಾಗೆಯೇ. ಅಲ್ಲಿ ಹಂದಿ ಬಾಡು ಮನೆಯೊಳಗಿನ ಒಲೆಯಲ್ಲೇ ಬೇಯುತ್ತದೆ, ಹೆಂಗಸರೇ ಬೇಯಿಸುತ್ತಾರೆ ಎಂಬುದು ನಮ್ಮಜ್ಜಿಗೆ ಮಾತುಕತೆಯ ಕಾಲದಲ್ಲಿ ಗೊತ್ತಿರಲಿಲ್ಲ. ಗೊತ್ತಾದದ್ದು ಮದುವೆಯ ಹಿಂದಿನ ಸಂಜೆ. ಹೆಣ್ಣಿನ ಕಡೆಯವರು ಬಸ್ಸಿಳಿದು, ಚಪ್ಪರದ ಕೆಳಗೆ ಬಂದು ನಿಂತಿದ್ದಾರೆ. ಮಾತಿಗೆ ಮಾತು ಬಂದು ಯಾರೋ ನಿನ್ನೆ ನಮ್ಮಲ್ಲಿ ಹಂದಿ ಊಟ ಜೋರಿತ್ತು ಅಂದರು. ಅಜ್ಜಿ ಬಾಗಿಲಿಗೆ ಅಡ್ಡವಾಗಿ ಬಂದು ನಿಂತಳು. "ಅಂದಿ ತಿಂದು ಬಂದಿದ್ರೆ ತಲೆ ಮ್ಯಾಲೆ ನೀರು ಉಯ್ಕಂಡು ಒಳಕ್ ಬರ್ಬೇಕು ಬೀಗ್ರೆ. ನಮ್ಮನೆ ಪದ್ಧತಿ" ಅಂದಳು. ಅವಳಿಗೆ ಅದರಲ್ಲಿ ಅವಮಾನದ ಮಾತೇನೂ ಕಾಣಲಿಲ್ಲ, ತನ್ನ ಹೆತ್ತ ಮಕ್ಕಳಿಗೂ ಅವಳು ಅದನ್ನೇ ಹೇಳುತ್ತಿದ್ದವಳು. ಆದರೆ ಊರೆಲ್ಲ ನೋಡುತ್ತಿತ್ತು. ಹೆಣ್ಣಿನ ಅಪ್ಪ, ಆಮೇಲೆ ನಾನು ಗೋಪಿನಾಥಂ ತಾತ ಎಂದು ಕರೆದದ್ದು ಅವರನ್ನೇ, ಕೊಟ್ಟಿಗೆಯ ನೀರಿನ ಬಾನಿಯ ಹತ್ತಿರ ಹೋಗಿ ಹೊಸ ಪಂಚೆ ಹೊಸ ಅಂಗಿಯ ಮೇಲೆಯೇ ನೀರು ಹುಯ್ದುಕೊಂಡರು. ಆಮೇಲೂ ಒಳಗೆ ಬರಲಿಲ್ಲ. ಬೆಳಿಗ್ಗೆ ಚಪ್ಪರದಲ್ಲೇ ಮಗಳ ಧಾರೆ ಎರೆದು, ಎಲೆಯ ಮುಂದೆ ಕೂರದೆ ಹೊರಟುನಿಂತರು. "ನನ್ ಮಗ್ಳು ಒಳಗಿರ್ಲಿ ಕಣಕ್ಕ. ನಾವು ಆಚೇಲೇ ಇರ್ತೀವಿ" ಎಂದಷ್ಟೇ ಹೇಳಿದರು. ದನಿ ಏರಿಸಲಿಲ್ಲ. ಏರಿಸಿದ್ದರೆ ಜಗಳವಾಗಿ ಅಲ್ಲಿಗೇ ಮುಗಿಯುತ್ತಿತ್ತೇನೋ.

ಅದರ ಮೇಲೆ ಅವರು ನಮ್ಮೂರಿನ ಕಡೆ ತಲೆ ಹಾಕಲಿಲ್ಲ. ಚಿಕ್ಕವ್ವನ ಹೆಸರು ಪೊನ್ನಮ್ಮ. ಕಪ್ಪಗೆ, ಗಟ್ಟಿಮುಟ್ಟಾಗಿ, ನಕ್ಕರೆ ಒಸಡು ಕಾಣುವ ಹುಡುಗಿ. ಅವಳು ಬಂದ ಮೇಲೆ ನನಗೆ ಅವ್ವ ಬೇಡವಾದಳು, ಅಜ್ಜಿಯೂ ಬೇಡವಾದಳು. ತಲೆ ಬಾಚಿದರೆ ಚಿಕ್ಕವ್ವನೇ ಬಾಚಬೇಕು, ಮಲಗಿದರೆ ಅವಳ ಪಕ್ಕದಲ್ಲೇ ಮಲಗಬೇಕು ಎಂದು ರಂಪ ಮಾಡುತ್ತಿದ್ದೆ, ಪಾಪ ಚಿಕ್ಕಪ್ಪನ ಗತಿಯನ್ನು ಯಾರೂ ಕೇಳುತ್ತಿರಲಿಲ್ಲ. ಗೌರಿ ಹಬ್ಬಕ್ಕೆ ಊರಿನ ಸೊಸೆಯಂದಿರೆಲ್ಲ ತವರಿನವರ ಹಿಂದೆ ಬಸ್ಸು ಹತ್ತುವಾಗ ಇವಳು ಜಗಲಿಯ ಮೇಲೆ ಕೂತು ಅಲಸಂದೆಕಾಯಿ ಸುಲಿಯುತ್ತಿದ್ದಳು. ಒಂದು ಸಲ ಬಸುರಾದಳು, ಆರು ತಿಂಗಳಿಗೇ ಹೋಯಿತು. ಆಗ ನಾಲ್ಕು ದಿನ ಗೋಡೆಯ ಕಡೆ ಮುಖ ಮಾಡಿ ಮಲಗಿದವಳು ಅಮ್ಮಾ ಅಮ್ಮಾ ಎಂದದ್ದನ್ನು ನಾನು ಕೇಳಿದ್ದೇನೆ. ಮತ್ತೆ ಬಸುರಾಗಿ ಏಳು ತುಂಬುವಾಗ, ಈ ಹೆರಿಗೆಯಾದರೂ ನಮ್ಮಮ್ಮನ ಕೈಲಿ ಆಗಲಿ, ಇಲ್ಲೇ ಇದ್ದರೆ ಇದೂ ಉಳಿಯುವುದಿಲ್ಲ ಎಂದು ಹಗಲು ಇರುಳು ಅವಳಿಗೆ ಅದೇ ಭಯ. ಹನೂರಿನ ಒಬ್ಬ ಅಂಗಡಿಯವನ ಮೂಲಕ ಚಿಕ್ಕಪ್ಪ ಮಾವನಿಗೆ ಹೇಳಿಕಳಿಸಿದ. ಬರುತ್ತೇನೆ, ಕರೆದುಕೊಂಡು ಹೋಗುತ್ತೇನೆ ಎಂದು ಉತ್ತರವೂ ಬಂತು. ಅಷ್ಟರಲ್ಲಿ ಅಜ್ಜಿ ತನ್ನ ಮಾತು ಹಾಕಿದಳು. "ಬಂದು, ನಮ್ಮನೇಲಿ ಉಂಡು ಕರ್ಕಂಡ್ ಓಗ್ಲಿ, ಬ್ಯಾಡ ಅನ್ನಕ್ಕಿಲ್ಲ. ಉಣ್ದೆ ಓಯ್ತೀನಿ ಅಂದ್ರೆ ಕಳ್ಸಕ್ಕಿಲ್ಲ. ಮುನಿಸ್ಕಂಡಿರೋರ ಮನೇಗೆ ಬಸ್ರಿ ಎಂಗ್ಸ ಕಳ್ಸುದ್ರೆ ಮತ್ತೆ ಬತ್ತಾಳೆ ಅನ್ನದು ಏನ್ ಗ್ಯಾರಂಟಿ?"

ಅಜ್ಜಿಯ ಮಾತಿಗೆ ನಮ್ಮಲ್ಲಿ ಎದುರು ಮಾತಿರಲಿಲ್ಲ. ಹಾಗಾಗಿ ಎಲ್ಲವೂ ಒಂದು ಊಟದ ಮೇಲೆ ನಿಂತಿತು. ಚಿಕ್ಕವ್ವ ಎರಡು ದಿನ ಯೋಚನೆ ಮಾಡಿ, ಮೂರನೆಯ ದಿನ ಅತ್ತೆಯ ಮುಂದೆ ಹೋಗಿ ನಿಂತಳು. ಅವಳ ಅಪ್ಪನಿಗೆ ಪ್ರಾಣವಾದ ಒಂದು ಅಡುಗೆ ಇತ್ತಂತೆ, ಸೊಪ್ಪು ಮೆತ್ತಿದ ಹಂದಿ ಬಾಡು. ಅವಳ ಅಮ್ಮ ವರ್ಷಕ್ಕೆ ಒಂದೋ ಎರಡೋ ಸಲ ಮಾಡುತ್ತಿದ್ದದ್ದು. ಗಂಡ ಹೆಂಡತಿ ಮಾತು ಬಿಟ್ಟಿದ್ದ ಕಾಲದಲ್ಲೂ ಅದನ್ನು ಮಾಡಿ ಮುಂದಿಟ್ಟರೆ ಅಪ್ಪ ಕೈ ತೊಳೆದುಕೊಂಡು ಬಂದು ಕೂರುತ್ತಿದ್ದರಂತೆ. "ನಮ್ಮಪ್ಪ ಕಲ್ಲು ಅತ್ತೆ. ಆ ಬಾಡು ಕಂಡ್ರೆ ಮಾತ್ರ ಕರಗ್ತಾರೆ. ನಾನೇ ಮಾಡ್ತೀನಿ" ಎಂದಳು. ಹೆಂಗಸು ಹಂದಿ ಮುಟ್ಟುವುದು ನಮ್ಮ ಮನೆಯಲ್ಲಿ ಇಲ್ಲದ ಮಾತು. ಅದೂ ತುಂಬಿದ ಬಸುರಿ. ಅಜ್ಜಿ ಎಲೆಅಡಿಕೆ ಅಗಿಯುತ್ತ ಅವಳ ಹೊಟ್ಟೆಯನ್ನೇ ನೋಡಿದಳು. ಕೊನೆಗೆ, "ಇತ್ಲಲ್ಲಿ ಏನಾರ ಮಾಡ್ಕ. ಒಸ್ಲು ದಾಟ್ಕೂಡ್ದು, ಅಷ್ಟೆ" ಎಂದಳು. ಚಿಕ್ಕವ್ವ ನನ್ನನ್ನು ತಬ್ಬಿಕೊಂಡು ಕುಣಿಯುವುದೊಂದು ಬಾಕಿ.

ಆ ಬೆಳಗು ನನಗೆ ಕಣ್ಣಿಗೆ ಕಟ್ಟಿದ ಹಾಗಿದೆ. ಬಿಸಿಲು ಏಳುವ ಮುಂಚೆಯೇ ಚಿಕ್ಕವ್ವ ಒಳಗಿನ ಒರಳಿನಲ್ಲಿ ಸೊಪ್ಪು ಅರೆಯಲು ಕೂತಳು. ಬರಿಯ ಸೊಪ್ಪಿಗೆ ಅಡ್ಡಿಯಿಲ್ಲ, ಮಾಂಸ ಸೋಕಿದ ಮೇಲೆ ಮಾತ್ರ ನನ್ನ ಕಾನೂನು ಎಂದು ಅಜ್ಜಿ ತೀರ್ಪು ಕೊಟ್ಟಿದ್ದಳು. ದೊಡ್ಡಪತ್ರೆ ಬೊಗಸೆಗಟ್ಟಲೆ, ಕೊತ್ತಂಬರಿ, ಪುದೀನ, ಎಳೆಯ ಕರಿಬೇವು, ನಾಟಿ ಬೆಳ್ಳುಳ್ಳಿ, ಹಸಿಮೆಣಸಿನಕಾಯಿ, ಕಾಳುಮೆಣಸು. ಹುರಿದು ತರಿಯಾಗಿ ಕುಟ್ಟಿದ ಅಕ್ಕಿಯನ್ನು ಅದಕ್ಕೆ ಬೆರೆಸಿದಳು. ಆ ಅಕ್ಕಿಯೇ ಬೆಂದಾಗ ಗಟ್ಟಿ ಹಕ್ಕಳೆಯಾಗಿ ಮಾಂಸವನ್ನು ಹಿಡಿದುಕೊಳ್ಳುತ್ತದಂತೆ. ಹಸಿರು ಮುದ್ದೆಯನ್ನು ಬಟ್ಟಲಿಗೆ ತೆಗೆದು ಹಿತ್ತಿಲಿಗೆ ಹೋದಳು. ಚಿಕ್ಕಪ್ಪ ಯಳಂದೂರಿನಿಂದ ತಂದ ಬಾಡನ್ನು ಮುತ್ತುಗದ ಎಲೆಯ ಮೇಲೆ ಇಟ್ಟಿದ್ದ. ಚರ್ಮ, ಅದರ ಕೆಳಗೆ ಬೆರಳು ದಪ್ಪದ ಬಿಳಿ ಕೊಬ್ಬು, ಅದರ ಕೆಳಗೆ ಕೆಂಪು, ಎಲ್ಲ ಒಂದೇ ತುಂಡಿನಲ್ಲಿ. ಅವಳು ಅದನ್ನು ಮುಟ್ಟಿದ್ದೇ, ಆ ಗಳಿಗೆಯಿಂದ ಮೈಗೆ ನೀರು ಹಾಕಿಕೊಳ್ಳುವವರೆಗೆ ಅವಳೂ ಹೊರಗಿನವಳಾದಳು. ಒಳಗಿನಿಂದ ಶುಂಠಿ ಬೇಕು, ಚಾಕು ಬೇಕು, ಉಪ್ಪು ಬೇಕು ಎಂದರೆ ಅವ್ವ ಹೊಸಿಲ ಒಳಗಡೆ ನಿಂತು, ತಾಗದಂತೆ ಮೇಲಿನಿಂದ ಅವಳ ಸೆರಗಿಗೆ ಹಾಕುತ್ತಿದ್ದಳು. ಅಜ್ಜಿ ಆ ಹೊಸಿಲ ಮೇಲೆಯೇ ಚಾಪೆಯ ತುಂಡು ಹಾಸಿಕೊಂಡು ಕೂತಿದ್ದಳು, ಹಂದಿಯೇ ಜೀವ ಬಂದು ಎದ್ದು ಒಳಗೆ ನುಗ್ಗಿಬಿಡುತ್ತದೆ ಎಂಬಂತೆ.

ಚಿಕ್ಕವ್ವ ಮಾಂಸಕ್ಕೆ ಚಾಕುವಿನಿಂದ ಅಲ್ಲಲ್ಲಿ ತಿವಿದು, ಆ ತೂತುಗಳಿಗೆ ಬೆರಳಿನಿಂದ ಮಸಾಲೆ ತುರುಕಿ, ಉಳಿದದ್ದನ್ನು ಮೇಲೆ ಗೋಡೆಗೆ ಮಣ್ಣು ಬಳಿದ ಹಾಗೆ ದಪ್ಪವಾಗಿ ಮೆತ್ತಿದಳು. ಬಾಳೆ ಎಲೆಯಲ್ಲಿ ಸುತ್ತಿ ನಾರಿನಿಂದ ಕಟ್ಟಿದಳು. ಮಡಕೆಯ ತಳಕ್ಕೆ ಈಚಲು ಕಡ್ಡಿ ಹಾಸಿ ಅದರ ಮೇಲೆ ಗಂಟನ್ನಿಟ್ಟು, ಮುಚ್ಚಳ ಹಾಕಿ, ಸುತ್ತ ಕಾಲುವೆಯ ಜೇಡಿಮಣ್ಣು ಮೆತ್ತಿದಳು. ಕೆಳಗೆ ಹುಣಸೆ ಸೌದೆಯ ಕೆಂಡ, ಮುಚ್ಚಳದ ಮೇಲೆ ತೆಂಗಿನ ಚಿಪ್ಪಿನ ಕೆಂಡ. ಇನ್ನು ಅದನ್ನು ಉಣ್ಣುವ ಹೊತ್ತಿಗೇ ಒಡೆಯಬೇಕು. ನಡುವೆ ತೆಗೆದರೆ ಹಬೆ ಹೋಗುತ್ತದೆ, ಸೊಪ್ಪು ಕಳಚಿಕೊಂಡು ನೀರಾಗುತ್ತದೆ. ಒಳಗೆ ಏನಾಗುತ್ತಿದೆ ಎಂದು ಮೂಗಿನಿಂದಲೇ ತಿಳಿಯಬೇಕು. ಮೊದಲು ಹಸಿ ಮಣ್ಣಿನ ವಾಸನೆ ಬಂತು, ಆಮೇಲೆ ಬಾಳೆ ಎಲೆ ಬಾಡುವ ವಾಸನೆ, ಬಹಳ ಹೊತ್ತಿನ ಮೇಲೆ ಬೆಳ್ಳುಳ್ಳಿ ಮತ್ತು ಕೊಬ್ಬು ಕರಗುವ ವಾಸನೆ ಮೆಲ್ಲಗೆ ಹಿತ್ತಿಲನ್ನೆಲ್ಲ ತುಂಬಿತು. ಬಿಸಿಲು ಏರಿತ್ತು. ಚಿಕ್ಕವ್ವ ಒಂದು ಕೈ ಸೊಂಟಕ್ಕೆ ಕೊಟ್ಟು, ಇನ್ನೊಂದು ಕೈಲಿ ಕೆಂಡ ಸರಿಸುತ್ತ, ಬೆವರಿನಲ್ಲಿ ಮಿಂದುಹೋಗಿದ್ದಳು. ಇದ್ದಕ್ಕಿದ್ದಂತೆ ಅವಳ ಕೈ ನಿಂತಿತು. "ಪಾಪಾ, ಉಪ್ಪು ಆಕುದ್ನಾ ನಾನು?" ಎಂದು ನನ್ನನ್ನು ಕೇಳಿದಳು.

ನನಗೇನು ಗೊತ್ತು. ಉಪ್ಪಿನ ಹರಳು ಕಟ್ಟಿಕೊಟ್ಟಿದ್ದ ಎಲೆ ಅಲ್ಲೆಲ್ಲೂ ಕಾಣಲಿಲ್ಲ. ಹಾಕಿ ಎಲೆಯನ್ನು ಒಲೆಗೆ ಎಸೆದಳೋ, ಅಥವಾ ಹಾಕುವ ಮುಂಚೆಯೇ ಸೆರಗಿನಿಂದ ಎಲ್ಲಾದರೂ ಜಾರಿತೋ. ನಾವಿಬ್ಬರೂ ಸೌದೆಯ ಕೆಳಗೆ, ಕಲ್ಲಿನ ಹಿಂದೆ, ಬೂದಿಯಲ್ಲಿ ತಡಕಾಡಿದೆವು. ಕೋಳಿಗಳು ಆಗಲೇ ಅಲ್ಲೆಲ್ಲ ಕೆದಕಿ ಹೋಗಿದ್ದವು. ಚಿಕ್ಕವ್ವ ಮುಚ್ಚಳದ ಕಡೆ ಕೈ ಚಾಚುವುದು, ಹಿಂದಕ್ಕೆ ತೆಗೆದುಕೊಳ್ಳುವುದು, ಮತ್ತೆ ಚಾಚುವುದು. ಒಡೆದರೆ ಬಾಡು ಕೆಟ್ಟಿತು, ಒಡೆಯದಿದ್ದರೆ ಸಪ್ಪೆಯೋ ಏನೋ. "ಅತ್ತೆಗೆ ಯೋಳ್ಬ್ಯಾಡ" ಎಂದು ನನ್ನ ಕಿವಿಯಲ್ಲಿ ಹೇಳಿದಳು. ಅತ್ತೆ ಅಷ್ಟು ದೂರದಿಂದ ಎಲ್ಲವನ್ನೂ ನೋಡುತ್ತಲೇ ಇದ್ದಳು. ಅಜ್ಜಿ ಸುಮ್ಮನೆ ಕೂರುವುದು ಅವಳು ಬೈಯುವುದಕ್ಕಿಂತ ಕಷ್ಟ. ಚಿಕ್ಕಪ್ಪ ಮಾವನನ್ನು ಕರೆತರಲು ಯಳಂದೂರಿಗೆ ಹೋಗಿದ್ದ. ಮಾದೇಶ್ವರನ ಬೆಟ್ಟದ ಬಸ್ಸು ಹನೂರಿಗೆ ಯಾವಾಗ ಬರುತ್ತದೆ, ಅಲ್ಲಿಂದ ಕೊಳ್ಳೇಗಾಲಕ್ಕೆ ಎಷ್ಟು ಹೊತ್ತಿಗೆ, ಒಂದೂ ಹೇಳುವ ಹಾಗಿರಲಿಲ್ಲ. ಬರದೇ ಹೋದರೆ ಎಂದು ನನಗೆ ಒಂದು ಭಯ, ಬಂದರೆ ಎಂದು ಇನ್ನೊಂದು. ಯಾಕೆಂದರೆ ಬಂದು ಉಂಡರೆ ಚಿಕ್ಕವ್ವ ಹೋಗುತ್ತಾಳೆ, ಉಣ್ಣದಿದ್ದರೆ ಚಿಕ್ಕವ್ವ ಸಾಯುತ್ತಾಳೆ, ನನ್ನ ತಲೆಯಲ್ಲಿ ಅಷ್ಟೇ ಇದ್ದದ್ದು.

ಮಧ್ಯಾಹ್ನ ಮುಂಬಾಗಿಲ ಕಡೆ ದನಿ ಕೇಳಿಸಿತು. ನಾನು ಓಡಿದೆ. ತಾತ ಜಗಲಿಯ ಕೆಳಗೆ ಚಪ್ಪಲಿ ಬಿಡುತ್ತಿದ್ದರು. ಬಿಳಿ ಪಂಚೆ, ಬಿಳಿ ಅಂಗಿ, ಹೆಗಲ ಮೇಲೆ ಚೀಲ, ತಲೆಗೂದಲು ಒದ್ದೆಯಾಗಿ ಹಣೆಗೆ ಅಂಟಿತ್ತು. ಅಪ್ಪ ಬಾಗಿಲಲ್ಲಿ ಕೈ ಮುಗಿದು ನಿಂತಿದ್ದ. "ಸೋಮ್ವಾರ್‍ದಿಂದ ನಾನೇನೂ ಮುಟ್ಟಿಲ್ಲ. ನಿಮ್ಮೂರ್ ಕಾಲ್ವೇಲಿ ಮಿಂದ್ಕಂಡೇ ಬಂದಿವ್ನಿ" ಎಂದರು ತಾತ. ಈ ಸಲ ಹೊಸಿಲು ದಾಟಿ ಒಳಗೆ ಬರಲೆಂದೇ ತಯಾರಾಗಿ ಬಂದಿದ್ದಾರೆ ಎಂಬ ಆ ಮಾತಿನ ಅರ್ಥ ಅಲ್ಲಿದ್ದ ದೊಡ್ಡವರಿಗೂ ತಟ್ಟಲಿಲ್ಲ. ಆಯ್ತು ಬನ್ನಿ ಮಾವ, ಇತ್ತಲಾಗೆ ಬನ್ನಿ, ಎಲೆ ಹಾಕಿ ಕಾಯುತ್ತಿದ್ದೇವೆ ಎಂದು ಚಿಕ್ಕಪ್ಪ ಹಿಗ್ಗಿನಲ್ಲಿ ಅವರ ಚೀಲ ಕಿತ್ತುಕೊಂಡು, ಮನೆಯ ಪಕ್ಕದ ಓಣಿಯಲ್ಲಿ ಮುಂದೆ ನಡೆದೇಬಿಟ್ಟ. ತಾತ ತೆರೆದ ಬಾಗಿಲನ್ನು ಒಂದು ಸಲ ನೋಡಿದರು. ಆಮೇಲೆ ಬಿಟ್ಟ ಚಪ್ಪಲಿಯನ್ನು ಮತ್ತೆ ಮೆಟ್ಟಿಕೊಂಡು ಅವನ ಹಿಂದೆ ಹೋದರು.

ಹಿತ್ತಿಲಲ್ಲಿ, ಕೊಟ್ಟಿಗೆಗೂ ತಿಪ್ಪೆಗೂ ನಡುವೆ, ಅವ್ವ ಸಗಣಿ ಸಾರಿಸಿ ರಂಗೋಲಿ ಎಳೆದು ಒಂದು ಮಣೆ, ಒಂದು ಚೊಂಬು ನೀರು, ಒಂದು ಬಾಳೆ ಎಲೆ ಇಟ್ಟಿದ್ದಳು. ಒಂದೇ ಎಲೆ. ಅವರು ಬಂದರೆ ಮೊದಲು ಅವರಿಗೆ ಬಡಿಸಿ ಆಮೇಲೆ ಉಳಿದವರು ಎಂಬುದು ಮರ್ಯಾದೆಯ ಲೆಕ್ಕ. ಬೆಳಗಿನಿಂದ ನಾವೆಲ್ಲ ಮಡಕೆಯದ್ದೇ ಧ್ಯಾನ ಮಾಡಿದ್ದೆವು. ಹಂದಿ ಒಳಗೆ ಬರುವಂತಿಲ್ಲ ಎಂದ ಮೇಲೆ ಅದನ್ನು ತಿನ್ನುವವರು ಎಲ್ಲಿ ಕೂರಬೇಕಾಗುತ್ತದೆ ಎಂದು ಒಬ್ಬರಿಗೂ ಹೊಳೆದಿರಲಿಲ್ಲ. ಅವರನ್ನು ಒಲಿಸಿಕೊಳ್ಳಲು ಮಾಡಿದ ಅಡುಗೆಯೇ ಅವರನ್ನು ಮತ್ತೆ ಹೊರಗೆ ಕೂರಿಸಿತ್ತು. ತಾತ ಆ ಎಲೆಯನ್ನು ನೋಡಿದರು, ಪಕ್ಕದ ತಿಪ್ಪೆಯನ್ನು ನೋಡಿದರು, ಮದುವೆಯ ಸಂಜೆ ತಾವು ನೀರು ಹುಯ್ದುಕೊಂಡ ಬಾನಿಯನ್ನು ನೋಡಿದರು. "ಇವತ್ತೂ ಆಚೇಲೇನಾ?" ಎಂದರು. ಚಿಕ್ಕಪ್ಪನ ಮುಖದ ಬಣ್ಣ ಇಳಿದುಹೋಯಿತು. ತಾತ ಅವನ ಕೈಯಿಂದ ಚೀಲವನ್ನು ಹಿಂದಕ್ಕೆ ತೆಗೆದುಕೊಂಡರು. ಮೂರು ಕಲ್ಲಿನ ಹತ್ತಿರ ಮಸಿ ಮೆತ್ತಿದ ಮುಖದಲ್ಲಿ ನಿಂತಿದ್ದ ಮಗಳನ್ನು ಅವರು ಗಮನಿಸಿದ್ದು ಆಗಲೇ. "ಅಪ್ಪಾ, ನಾನೇ ಮಾಡಿದ್ದು" ಎಂದಳು ಅವಳು. ಅವರು ಅವಳ ಹೊಟ್ಟೆ ನೋಡಿ ಕಣ್ಣು ಬೇರೆ ಕಡೆ ಹೊರಳಿಸಿದರು. "ಸೆರಿ ಅವ್ವ. ನೀನ್ ಉಣ್ಣು" ಎಂದರು.

ಅಜ್ಜಿ ಹೊಸಿಲಿನಿಂದ ಎದ್ದು ಒಳಗೆ ಹೋಗಿಬಿಟ್ಟಳು. ಅವಳ ಬೆನ್ನು ಮಬ್ಬಿನಲ್ಲಿ ಮರೆಯಾದದ್ದನ್ನು ನೋಡಿ, ಎಲ್ಲ ಮುಗಿಯಿತು ಎಂದುಕೊಂಡೆ. ಉಣ್ಣದಿದ್ದರೆ ಕಳಿಸುವುದಿಲ್ಲ ಎಂದವಳು ಅವಳೇ. ಅವ್ವ ಸೆರಗು ಬಾಯಿಗೆ ಒತ್ತಿಕೊಂಡಳು. ಚಿಕ್ಕವ್ವ ಅಳಲಿಲ್ಲ, ಕೆಂಡದ ಮುಂದೆ ಕುಕ್ಕರುಗಾಲಲ್ಲಿ ಕೂತು ಸುಮ್ಮನೆ ಮಡಕೆಯನ್ನು ನೋಡುತ್ತಿದ್ದಳು. ತಾತ ಓಣಿಯ ಬಾಯಿಗೆ ಹೋಗಿಯಾಗಿತ್ತು. ಅಷ್ಟರಲ್ಲಿ ಅಜ್ಜಿ ಹೊರಗೆ ಬಂದಳು. ಒಂದು ಕೈಲಿ ಬಾಳೆ ಎಲೆ, ಇನ್ನೊಂದರಲ್ಲಿ ತನ್ನ ಮುದ್ದೆ ಮತ್ತು ಸೊಪ್ಪಿನ ಸಾರಿನ ತಟ್ಟೆ. ಹೊಸಿಲು ದಾಟಿ, ಒಂದೊಂದೇ ಕಾಲು ಊರಿ ಮೆಟ್ಟಿಲಿಳಿದು, ತಿಪ್ಪೆಯ ಪಕ್ಕಕ್ಕೇ ನಡೆದು ಬಂದು, ತಾತನಿಗೆ ಹಾಕಿದ್ದ ಎಲೆಯ ಮಗ್ಗುಲಲ್ಲಿ, ಇನ್ನೂ ತಿಪ್ಪೆಗೆ ಹತ್ತಿರವಾದ ಕಡೆಯಲ್ಲಿ, ತನ್ನ ಎಲೆ ಹಾಸಿದಳು. ಮಣೆಯಿಲ್ಲದೆ ಬರಿನೆಲದ ಮೇಲೆ ಕೂತಳು. ಎಲೆಯ ಅಂಚಿಗೆ ಉಪ್ಪು, ಈರುಳ್ಳಿ ಇಟ್ಟುಕೊಂಡಳು. ಆಮೇಲೆ ತಲೆ ಎತ್ತಿ ಅಪ್ಪನಿಗೆ ಹೇಳಿದಳು: "ಎಲ್ರುಗೂ ಇಲ್ಲೇ ಎಲೆ ಆಕಿ. ಇವತ್ತು ಮನೆ ಒಳ್ಗೆ ಯಾರೂ ಉಣ್ಣಂಗಿಲ್ಲ." ತಾತನ ಕಡೆ ತಿರುಗಲಿಲ್ಲ. ತಟ್ಟೆಯಲ್ಲಿದ್ದ ಮುದ್ದೆಯನ್ನೇ ನೋಡುತ್ತ, "ಬನ್ನಿ ಬೀಗ್ರೆ. ನಂಗೆ ಆಗ್ಲೆ ಅಸ್ಕಂಡದೆ. ನೀವು ಕೂರ್‍ದೆ ನಾನೆಂಗ್ ಉಣ್ಲಿ" ಎಂದಳು.

ಓಣಿಯ ಬಾಯಲ್ಲಿ ತಾತ ನಿಂತೇ ಇದ್ದರು. ಅಜ್ಜಿ ಮುದ್ದೆಗೆ ಕೈ ಹಾಕಲಿಲ್ಲ. ನೊಣ ಬಂದು ಕೂತರೆ ಓಡಿಸುತ್ತಿದ್ದಳು, ಅಷ್ಟೆ. ಅವಳು ಯಾರನ್ನಾದರೂ ಹಾಗೆ ಕಾದದ್ದನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ. ತಾತ ಚೀಲವನ್ನು ಮೆಲ್ಲಗೆ ತೆಂಗಿನ ಮರಕ್ಕೆ ಒರಗಿಸಿಟ್ಟರು, ಚಪ್ಪಲಿ ಬಿಟ್ಟರು, ಬಂದು ಮಣೆಯನ್ನು ಪಕ್ಕಕ್ಕೆ ಸರಿಸಿ, ಅವರೂ ನೆಲದ ಮೇಲೆಯೇ ಕೂತರು. ಅಪ್ಪ, ಚಿಕ್ಕಪ್ಪ, ಅವ್ವ, ನಾನು ಎಲ್ಲರೂ ಸಾಲಾಗಿ ಕೂತೆವು. ಚಿಕ್ಕವ್ವ ಕೆಂಡ ಸರಿಸಿ ಕೋಲಿನಿಂದ ಜೇಡಿಯನ್ನು ಒಡೆದಳು. ಮುಚ್ಚಳ ತೆಗೆದಾಗ ಎದ್ದ ಹಬೆಯಲ್ಲಿ ಅವಳ ಮುಖ ಕಾಣಲಿಲ್ಲ. ಕಪ್ಪಾಗಿದ್ದ ಬಾಳೆ ಎಲೆ ಬಿಡಿಸಿದರೆ, ಒಳಗೆ ಸೊಪ್ಪು ಗಾಢ ಹಸಿರಾಗಿ, ಅಂಚುಗಳಲ್ಲಿ ಕೆಂಪಗೆ ಗರಿಗರಿಯಾಗಿ, ಮಾಂಸವನ್ನು ಬಿಗಿಯಾಗಿ ಕಚ್ಚಿಕೊಂಡಿತ್ತು. ಕೊಯ್ದ ಕಡೆ ಕೊಬ್ಬು ಕರಗಿ ಎಲೆಯ ಮೇಲೆ ಹರಿಯಿತು. ದೊಡ್ಡ ಹೋಳನ್ನು ತನ್ನಪ್ಪನ ಎಲೆಗೆ ಹಾಕಿ ಅವಳು ಅಲ್ಲೇ ನಿಂತಳು.

ತಾತ ಒಂದು ತುಣುಕು ಮುರಿದು ಬಾಯಿಗಿಟ್ಟರು. ಎರಡು ಸಲ ಅಗಿದು ನಿಲ್ಲಿಸಿದರು. ನನಗೆ ತಿಳಿಯಿತು, ಚಿಕ್ಕವ್ವನಿಗೂ ತಿಳಿಯಿತು. "ಉಪ್ಪಿಲ್ಲ ಕಣವ್ವ" ಎಂದರು ಅವರು. ಅಷ್ಟು ಹೊತ್ತು ತಡೆದುಕೊಂಡಿದ್ದ ಚಿಕ್ಕವ್ವನ ಕಣ್ಣಿನಲ್ಲಿ ಆಗ ನೀರು ಬಂತು, ಮಸಿಯ ಮೇಲೆ ಗೆರೆಯಾಗಿ ಇಳಿಯಿತು. ಅಜ್ಜಿ ತನ್ನ ಎಲೆಯ ಅಂಚಿನಲ್ಲಿದ್ದ ಉಪ್ಪಿನ ಹರಳುಗಳನ್ನು ಬೆರಳ ತುದಿಯಲ್ಲಿ ಎತ್ತಿ ಅವರ ಎಲೆಯ ಮೇಲೆ ಹಾಕಿದಳು. "ಬಸ್ರಿಗೆ ಮರ್‍ತೋಯ್ತದೆ. ನಮ್ಮನೆ ಉಪ್ಪು ನೆಂಚ್ಕಳಿ" ಎಂದಳು. ಅವರು ತುತ್ತು ತುತ್ತಿಗೂ ಉಪ್ಪು ಮುಟ್ಟಿಸಿಕೊಂಡು ಉಂಡರು. ಮುದ್ದೆ ಹಾಕಿಸಿಕೊಂಡರು, ಇನ್ನೊಂದು ಹೋಳು ಹಾಕಿಸಿಕೊಂಡರು, ಎಲೆ ಮಡಚುವ ಮುಂಚೆ ಮೂರನೆಯದನ್ನೂ ಕೇಳಿದರು. "ನಿಮ್ಮವ್ವಂಗಿಂತ ಚೆಂದಾಗಿ ಸುಟ್ಟಿದ್ದೀಯ, ಅವ್ಳಿಗೆ ಯೋಳ್ಬ್ಯಾಡ" ಎಂದಾಗ ಚಿಕ್ಕವ್ವ ಅಳುತ್ತಲೇ ನಕ್ಕಳು, ಒಸಡು ಕಾಣುವ ಹಾಗೆ. ಅಜ್ಜಿ ಹಂದಿ ಮುಟ್ಟಲಿಲ್ಲ. ಆದರೆ ಪಂಕ್ತಿಯಲ್ಲಿ ಕೂತದ್ದಕ್ಕೆ ಎಲ್ಲರ ಹಾಗೆ ತಾನೂ ಬಾನಿಯ ಹತ್ತಿರ ಹೋಗಿ, ಆ ವಯಸ್ಸಿನಲ್ಲಿ ಎರಡು ಬಿಂದಿಗೆ ತಣ್ಣೀರು ಹುಯ್ದುಕೊಂಡೇ ಒಳಗೆ ಹೋದಳು. ಅಪ್ಪ ಅವಳ ಕೂದಲು ಮುಟ್ಟಿ ನೋಡಲು ಹೋಗಿ ಬೈಸಿಕೊಂಡ.

ಬಿಸಿಲು ತಗ್ಗಿದ ಮೇಲೆ ಚಿಕ್ಕವ್ವನನ್ನು ಆಟೋ ಹತ್ತಿಸಿದರು. ನಾನು ಆಟೋದ ಹಿಂದೆ ಕಾಲುವೆಯ ಏರಿಯವರೆಗೂ ಓಡಿದೆ. ಅವಳು ಹೋದಳಲ್ಲ ಎಂಬ ದುಃಖಕ್ಕೆ ಅತ್ತೆನೋ, ಹೋಗಲು ಆಯಿತಲ್ಲ ಎಂಬ ಸಮಾಧಾನಕ್ಕೆ ಅತ್ತೆನೋ, ಇವತ್ತಿಗೂ ಹೇಳಲಾರೆ. ಈಗ ಆ ಮನೆ ಇಲ್ಲ. ಅಜ್ಜಿ ಹೋದ ಮೇಲೆ ಪಾಲಾಯಿತು, ಪಾಲಾದ ಮೇಲೆ ಕೆಡವಿದರು. ಹಿತ್ತಿಲಿನ ನಡುವೆ ಇಟ್ಟಿಗೆಯ ಗೋಡೆ ಎದ್ದಿದೆ, ತೆಂಗಿನ ಮರದ ಜಾಗದಲ್ಲಿ ನೀರಿನ ಟ್ಯಾಂಕು ನಿಂತಿದೆ. ಈಗ ನನ್ನ ಅಡುಗೆಮನೆಯಲ್ಲಿ ಯಾವ ಬಾಡು ಬೇಕಾದರೂ ಬೇಯುತ್ತದೆ, ಯಾರೂ ಹೊಸಿಲಲ್ಲಿ ಕೂತು ಕಾಯುವುದಿಲ್ಲ, ಯಾರೂ ಉಣ್ಣದೆ ಎದ್ದುಹೋಗುವುದಿಲ್ಲ. ಉಣ್ಣದೆ ಎದ್ದುಹೋದರೂ ಬೆಳಗಿನಿಂದ ಕೆಂಡದ ಮುಂದೆ ಕೂತು ಅವರನ್ನು ಕರೆತರುವವರು ಯಾರೂ ಇಲ್ಲ.

ಚಿಕ್ಕವ್ವ ಮರಳಿ ಬಂದದ್ದು ಕೂಸಿಗೆ ಐದು ತಿಂಗಳಾದಾಗ. ಹೆಣ್ಣು ಕೂಸು. ಮಾಗಿಯ ಬೆಳಗು, ಕಾಲುವೆಯ ಕಡೆಯಿಂದ ಕೊರೆಯುವ ಗಾಳಿ. ಅಜ್ಜಿ ಆರತಿಯ ತಟ್ಟೆಯಲ್ಲಿ ಕೆಂಪು ನೀರು ಕದಡಿಕೊಂಡು ಮುಂಬಾಗಿಲಲ್ಲಿ ನಿಂತಿದ್ದಳು, ಅವಳ ಹಿಂದೆ ನಾವೆಲ್ಲ. ಚಿಕ್ಕವ್ವ ಮೊದಲು ಒಳಗೆ ಬಂದಳು. ತಾತ ಕೂಸನ್ನು ಎತ್ತಿಕೊಂಡು ಜಗಲಿಯ ಕೆಳಗೇ ನಿಂತುಬಿಟ್ಟರು. "ನೆನ್ನೆ ಮನೇಲಿ ಅಂದಿ ಕುಯ್ದಿದ್ರು, ನಾನೂ ತಿಂದೆ ಕಣಕ್ಕ. ಕೂಸ್ನ ಇಸ್ಕಳಿ, ನೀರು ಉಯ್ಕಂಡ್ ಬತ್ತೀನಿ" ಎಂದರು. ಸುಳ್ಳು ಹೇಳಬಹುದಿತ್ತು, ಹೇಳಲಿಲ್ಲ. ಅಪ್ಪ ಅಜ್ಜಿಯ ಮುಖ ನೋಡಿದ, ಅವ್ವ ನೋಡಿದಳು, ಚಿಕ್ಕವ್ವ ನೋಡಲಿಲ್ಲ. ಅಜ್ಜಿ ಕೂಸನ್ನು ಇಸಿದುಕೊಳ್ಳಲು ಕೈ ನೀಡಲಿಲ್ಲ. ತಟ್ಟೆಯನ್ನು ಮೂರು ಸಲ ಅವರಿಬ್ಬರಿಗೂ ಸೇರಿಸಿ ನಿವಾಳಿಸಿ, ಬಾಗಿಲಿನಿಂದ ಒಂದು ಹೆಜ್ಜೆ ಹಿಂದಕ್ಕೆ ಸರಿದಳು. "ಕೂಸ್ಗೆ ಗಾಳಿ ಆಯ್ತದೆ. ಎತ್ಕಂಡು ಒಳಕ್ ಬನ್ನಿ" ಎಂದಳು. ತಾತ ಚಪ್ಪಲಿ ಬಿಟ್ಟು, ಆ ಗಿಡ್ಡ ಬಾಗಿಲಿಗೆ ತಲೆ ಬಗ್ಗಿಸಿ, ಕೂಸಿನ ನೆತ್ತಿಗೆ ಅಂಗೈ ಅಡ್ಡ ಹಿಡಿದು ಹೊಸಿಲು ದಾಟಿದರು. ಒಳಗಿನ ಮಬ್ಬಿಗೆ ಕಣ್ಣು ಹೊಂದದೆ ಅವರು ಒಂದು ಗಳಿಗೆ ನಡುಮನೆಯಲ್ಲಿ ಸುಮ್ಮನೆ ನಿಂತರು, ನಾವೂ ಅವರ ಸುತ್ತ ನಿಂತೆವು. ಅವತ್ತು ಅಲ್ಲಿ ನಿಂತಿದ್ದವರಲ್ಲಿ ಈಗ ಉಳಿದಿರುವುದು ನಾನು ಮತ್ತು ಆ ಕೂಸು, ಇಬ್ಬರೇ.